ಬಾನೆಟ್ ಮೇಲೆ ಅಂಗೈ

ಅಪ್ಪನ ಮಾರುತಿ 800ಕ್ಕೆ 20 ವರ್ಷ ದಾಟಿದೆ. 2004ರ ಗಾಡಿ, ಬೆಳ್ಳಿ ಬಣ್ಣ. ಎಂಜಿನ್ ಇನ್ನೂ ಗಟ್ಟಿಯಾಗಿದೆ. ಆದರೆ ಬಳ್ಳಾರಿ ಬಿಸಿಲಲ್ಲಿ ನಿಂತು ನಿಂತು ಬಾನೆಟ್ ಮೇಲಿನ ಕ್ಲಿಯರ್ ಕೋಟ್ ಸಿಪ್ಪೆಯಂತೆ ಏಳುತ್ತಿತ್ತು. ಕ್ಲಿಯರ್ ಅಂದರೆ ಬಣ್ಣದ ಮೇಲೆ ಹೊಡೆಯುವ ಗಾಜಿನಂಥ ಪದರ. ಹೊಳಪು ಕೊಡುವುದೂ ಅದೇ, ಬಿಸಿಲು ಮಳೆ ತಡೆಯುವುದೂ ಅದೇ. ಅಪ್ಪ ಪ್ರತಿ ಭಾನುವಾರ ಕಾರು ಒರೆಸುತ್ತಾರೆ. ಆ ಸಿಪ್ಪೆ ಬಟ್ಟೆಗೆ ಸಿಕ್ಕಿ ಇನ್ನಷ್ಟು ಕಿತ್ತು ಬರುವುದನ್ನು ನೋಡಲಾಗಲಿಲ್ಲ. ಬಾನೆಟ್ಟಿಗೆ ನಾನೇ ಪೇಂಟ್ ಮಾಡ್ತೀನಿ ಅಂದೆ.

ಏಪ್ರಿಲ್ ಕೊನೆಯ ವಾರ. ಗೆಳೆಯನಿಂದ ಕಂಪ್ರೆಸರ್ ಮತ್ತು ಪೇಂಟ್ ಹೊಡೆಯುವ ಗನ್ ತಂದೆ. ಬಾನೆಟ್ ಬಿಚ್ಚಿ ಅಂಗಳದಲ್ಲಿ ಎರಡು ಸ್ಟೂಲ್ ಮೇಲಿಟ್ಟೆ. ಬೇವಿನ ಮರದ ಕೆಳಗೆ ನೆರಳೇನೋ ಇತ್ತು, ಆದರೆ ಹೂವು ಉದುರುತ್ತಿತ್ತು. ಹಸಿ ಬಣ್ಣಕ್ಕೆ ಅಂಟಿದರೆ ಕಷ್ಟ ಅಂತ ಬಯಲಿಗೇ ತಂದೆ. ಬಣ್ಣಕ್ಕೆ ಮುಂಚೆ ಹೊಡೆಯುವ ಪ್ರೈಮರ್ ಹಿಂದಿನ ದಿನವೇ ಆಗಿತ್ತು. ಬೆಳಿಗ್ಗೆ ಬೆಳ್ಳಿ ಬಣ್ಣವೂ ಚೆನ್ನಾಗಿ ಕೂತಿತು. ಕ್ಲಿಯರ್ ಕಲೆಸುವ ಹೊತ್ತಿಗೆ ಹನ್ನೊಂದು ದಾಟಿತ್ತು. ಫೋನಿನಲ್ಲಿ 39 ಡಿಗ್ರಿ. ಬಿಸಿಲಿದ್ದರೆ ಬೇಗ ಒಣಗುತ್ತೆ, ಒಳ್ಳೆಯದೇ ಅಲ್ವಾ ಅಂದುಕೊಂಡಿದ್ದೆ. ಕ್ಲಿಯರ್ ಗಟ್ಟಿಯಾಗಲು ಬೆರೆಸುವ ಹಾರ್ಡ್‌ನರ್ ಕೂಡ ಬೇಗ ಒಣಗುವಂಥದ್ದನ್ನೇ ಕೇಳಿ ತಂದಿದ್ದೆ.

ಮೊದಲ ಕೋಟ್ ಹೊಡೆದಾಗ ಹೊಳಪೇ ಬರಲಿಲ್ಲ. ಕೈಯಾಡಿಸಿದರೆ ಸಣ್ಣ ರವೆ ಚೆಲ್ಲಿದಂತೆ ತರಿತರಿ. ಗನ್ನಿನಿಂದ ಹೊರಟ ಹನಿಗಳು ತಗಡು ಮುಟ್ಟುವ ಮೊದಲೇ ಅರ್ಧ ಒಣಗುತ್ತಿದ್ದವು. ಒಂದಕ್ಕೊಂದು ಬೆರೆತು ಹರಡಿಕೊಳ್ಳಲು ಅವುಗಳಿಗೆ ಸಮಯವೇ ಸಿಗಲಿಲ್ಲ. ನಾನು ಗಾಬರಿಯಾಗಿ ಎರಡನೇ ಕೋಟ್ ದಪ್ಪಗೆ ಹೊಡೆದೆ. ಹೊಳಪು ಬಂತು. ಹತ್ತು ನಿಮಿಷಕ್ಕೆ ಬಾನೆಟ್ ತುಂಬ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಎದ್ದವು. ಒಡೆದ ಕಡೆಯಲ್ಲೆಲ್ಲ ಸೂಜಿ ಚುಚ್ಚಿದಂಥ ತೂತು.

ನಮ್ಮ ಬೀದಿಯ ಕೊನೆಯಲ್ಲಿ ಒಬ್ಬ ಚಾಚಾ ಇದ್ದಾರೆ. ಜೀವನವೆಲ್ಲ ಗ್ಯಾರೇಜಿನಲ್ಲಿ ಪೇಂಟಿಂಗ್ ಮಾಡಿದವರು. ಸಂಜೆ ಕರೆದುಕೊಂಡು ಬಂದೆ. ಅವರು ಬಾನೆಟ್ ನೋಡಿದರು, ನನ್ನ ಮುಖ ನೋಡಿದರು.

"ಹೊಡೆಯೋಕೆ ಮುಂಚೆ ತಗಡಿನ ಮೇಲೆ ಕೈ ಇಟ್ಟಿದ್ಯೇನಪ್ಪ?"

"ಇಲ್ಲ ಚಾಚಾ."

"ನಿನ್ನ ಅಂಗೈಗೇ ತಡಿಯಲ್ಲ ಅಂದ್ರೆ ಕ್ಲಿಯರ್ ಹೆಂಗೆ ತಡಿತದ?"

ನಾನು ನೋಡಿದ್ದು ಗಾಳಿಯ ಬಿಸಿಯನ್ನು ಮಾತ್ರ. ಬಿಸಿಲಲ್ಲಿಟ್ಟ ತಗಡು ಗಾಳಿಗಿಂತ ಎಷ್ಟೋ ಜಾಸ್ತಿ ಕಾಯುತ್ತದೆ. ಆ ಕಾವಿಗೆ ಕ್ಲಿಯರಿನ ಮೇಲ್ಭಾಗ ಮೊದಲು ಬಿಗಿಯುತ್ತದೆ, ಹಾಲಿನ ಮೇಲೆ ಕೆನೆ ಕಟ್ಟುತ್ತದಲ್ಲ, ಹಾಗೆ. ಕ್ಲಿಯರ್ ತೆಳುವಾಗಲು ಬೆರೆಸಿದ ಥಿನ್ನರ್ ಒಳಗಿನಿಂದ ಆವಿಯಾಗಿ ಹೊರಬರಲೇಬೇಕು. ದಾರಿ ಇಲ್ಲದೆ ಕೆನೆಯನ್ನು ಎತ್ತಿ ತೂತು ಮಾಡಿಕೊಂಡು ಬರುತ್ತದೆ. ದಪ್ಪಗೆ ಹೊಡೆದಷ್ಟೂ ಒಳಗೆ ಸಿಕ್ಕಿಬೀಳುವ ಥಿನ್ನರ್ ಜಾಸ್ತಿ. ಹಾರ್ಡ್‌ನರ್ ಸೇರಿಸಿದ ಮೇಲೆ ಗನ್ನಿನ ಕಪ್‌ನಲ್ಲಿರುವ ಕ್ಲಿಯರ್ ಕೂಡ ಸುಮ್ನೆ ಕೂರುವುದಿಲ್ಲ, ಗಟ್ಟಿಯಾಗುತ್ತಲೇ ಇರುತ್ತದೆ. ಹತ್ತು ಡಿಗ್ರಿ ಏರಿದರೆ ಕೆಲಸಕ್ಕೆ ಸಿಗುವ ಸಮಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಡಬ್ಬಿಯ ಮೇಲೆ ಬರೆದಿರುವ ಸಮಯ ಸಾಮಾನ್ಯವಾಗಿ 20 ಡಿಗ್ರಿ ಲೆಕ್ಕದ್ದು. ನಮ್ಮೂರಿನ ಏಪ್ರಿಲ್ ಅದಕ್ಕೆ ಗೊತ್ತಿಲ್ಲ.

ಚಾಚಾ ಇನ್ನೊಂದು ಮಾತು ಕೇಳಿದರು: "ಮೂಗಿಗೆ ಏನ್ ಕಟ್ಟಿದ್ದಿ?" ಕರ್ಚೀಫು ತೋರಿಸಿದೆ. ಆಗ ನಿಜಕ್ಕೂ ಸಿಟ್ಟಾದರು. ಹಾರ್ಡ್‌ನರ್‌ನಲ್ಲಿ ಐಸೊಸೈನೇಟ್ ಅನ್ನುವ ರಾಸಾಯನಿಕ ಇರುತ್ತದೆ. ಅದು ಉಸಿರಿನೊಳಗೆ ಹೋದರೆ ಆಸ್ತಮಾ ಬರಬಹುದು. ಒಮ್ಮೆ ದೇಹಕ್ಕೆ ಒಗ್ಗದೆ ಹೋದರೆ ಮುಂದೆ ಚೂರು ತಗುಲಿದರೂ ಉಸಿರು ಕಟ್ಟುತ್ತದೆ. ಬಟ್ಟೆ ಅದನ್ನು ತಡೆಯುವುದಿಲ್ಲ. ಬಯಲಲ್ಲಿ ಹೊಡೆದರೂ ಅಪಾಯ ತಪ್ಪುವುದಿಲ್ಲ. ಕೊಳವೆಯಲ್ಲಿ ಹೊರಗಿನ ಶುದ್ಧ ಗಾಳಿ ಕೊಡುವ ಮಾಸ್ಕ್ ಇದಕ್ಕೆ ಸರಿಯಾದದ್ದು. ನಮ್ಮ ಕಡೆ ಎಷ್ಟು ಹುಡುಗರು ಬರೀ ಕರ್ಚೀಫು ಕಟ್ಟಿಕೊಂಡು ದಿನವಿಡೀ ಗನ್ ಹಿಡಿಯುತ್ತಾರೆ! ಅವರನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಚಾಚಾ ಮಾತಿನ ನಡುವೆ ಕೆಮ್ಮುತ್ತಲೇ ಇದ್ದರು.

ಒಂದು ವಾರ ಒಣಗಲು ಬಿಟ್ಟೆ. ಆಮೇಲೆ ವಾಟರ್ ಪೇಪರಿನಲ್ಲಿ ಉಜ್ಜಿದೆ. ಗುಳ್ಳೆಯ ತೂತು ಆಳಕ್ಕೆ ಇಳಿದಿರುವುದರಿಂದ ಮೇಲೆ ಮೇಲೆ ಉಜ್ಜಿದರೆ ಸಾಲದು. ಕೆಳಗಿನ ಬೆಳ್ಳಿ ಬಣ್ಣವೂ ಹೋಯಿತು. ಎರಡು ಸಂಜೆ ಅದಕ್ಕೇ ಹಿಡಿಯಿತು.

ಈ ಸಲ ಜಾಗ ಬದಲಿಸಿದೆ. ಮನೆಯ ಪಶ್ಚಿಮಕ್ಕೆ ಗೋಡೆ ಮತ್ತು ಕಾಂಪೌಂಡಿನ ನಡುವೆ ಒಂದು ಓಣಿಯಿದೆ. ಒಂಬತ್ತರವರೆಗೆ ಅಲ್ಲಿ ಬಿಸಿಲು ಬೀಳುವುದಿಲ್ಲ. ಗೆಳೆಯನೊಬ್ಬ ಗಾಳಿ ಕೊಳವೆಯ ಮಾಸ್ಕ್ ಹೊಂದಿಸಿಕೊಟ್ಟ. ನಿಧಾನವಾಗಿ ಒಣಗುವ ಹಾರ್ಡ್‌ನರ್, ಅದಕ್ಕೆ ಹೊಂದುವ ಸ್ಲೋ ಥಿನ್ನರ್ ತಂದೆ. ಬೆಳಿಗ್ಗೆ ಐದಕ್ಕೆ ಎದ್ದು ನೆಲಕ್ಕೆ ನೀರು ಚಿಮುಕಿಸಿದೆ. ನಮ್ಮೂರಿನ ಕೆಂಪು ಧೂಳು ಏಳಬಾರದಲ್ಲ. ಕಂಪ್ರೆಸರ್ ಟ್ಯಾಂಕಿನಲ್ಲಿ ಸೇರಿದ್ದ ನೀರನ್ನು ಹೊರಗೆ ಬಿಟ್ಟೆ. ಬೆಳ್ಳಿ ಬಣ್ಣ ಹೊಡೆದು, ಅದು ಪೂರ್ತಿ ಮಂಕಾಗುವವರೆಗೆ ಕಾದೆ. ಆಮೇಲೆ ಒರೆಸಿದ ಅಂಗೈಯನ್ನು ಬಾನೆಟ್ಟಿನ ಅಡಿಭಾಗಕ್ಕೆ ಇಟ್ಟೆ. ತಣ್ಣಗಿತ್ತು.

ಎರಡು ಪಾಲು ಕ್ಲಿಯರ್, ಒಂದು ಪಾಲು ಹಾರ್ಡ್‌ನರ್, ಡಬ್ಬಿಯಲ್ಲಿ ಹೇಳಿದಷ್ಟೇ ಥಿನ್ನರ್. ಒಂದು ಸಲಕ್ಕೆ ಬೇಕಾದಷ್ಟನ್ನೇ ಕಲೆಸಿದೆ. ಮೊದಲ ಕೋಟ್ ತೆಳ್ಳಗೆ. ಹತ್ತು ನಿಮಿಷದ ಮೇಲೆ ಅಂಚಿನ ಪೇಪರ್ ಟೇಪ್ ಮೇಲೆ ಬೆರಳಿಟ್ಟೆ. ಅಂಟುತ್ತಿತ್ತು, ಆದರೆ ಎಳೆ ಬರಲಿಲ್ಲ. ಎರಡನೇ ಕೋಟಿಗೆ ಅದೇ ಗುರುತು ಅಂತ ಚಾಚಾ ಹೇಳಿಕೊಟ್ಟಿದ್ದರು. ಗನ್ನನ್ನು ಒಂದು ಗೇಣಿಗಿಂತ ತುಸು ಹತ್ತಿರ ಹಿಡಿದು, ಒಂದು ಸಾಲಿನ ಅರ್ಧದ ಮೇಲೆ ಇನ್ನೊಂದು ಸಾಲು ಬರುವಂತೆ ನಡೆಸಿದೆ. ಕ್ಲಿಯರ್ ಮೆಲ್ಲಗೆ ಹರಡಿಕೊಂಡು ನೀರಿನಂತೆ ನಿಂತಿತು. ಅದನ್ನು ನೋಡುತ್ತಾ ಎಷ್ಟು ಹೊತ್ತು ನಿಂತಿದ್ದೆನೋ.

ಒಂಬತ್ತಕ್ಕೆ ಬಿಸಿಲು ಓಣಿಗೆ ಇಳಿಯಿತು. ಅಪ್ಪ ಕಾಫಿ ಕುಡಿದು ಬಂದವರೇ ಕೈ ಚಾಚಿದರು.

"ಮುಟ್ಟಬೇಡಿ ಅಪ್ಪಾ, ಇನ್ನೂ ಹಸಿ."

ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಬಗ್ಗಿ ನೋಡಿದರು. ಕಾಂಪೌಂಡ್ ಆಚೆಯ ವಿದ್ಯುತ್ ತಂತಿಗಳೂ ಬಾನೆಟ್ಟಿನಲ್ಲಿ ಕಾಣುತ್ತಿದ್ದವು.

"ಮೇಲಿನ ಟಾಪ್ ಕೂಡ ಮಾಡ್ತೀಯೇನೋ?"

"ಮಳೆಗಾಲ ಕಳೀಲಿ ಅಪ್ಪಾ," ಅಂದೆ.