ಕೂದಲು ಕೀಳೋದನ್ನ ಹೇಗೆ ಬಿಡಿಸಿದ್ರಿ ಅಂತ ಕೇಳುವವರಿಗೆ

"ನಿಮ್ಮ ಮಗಳಿಗೆ ಆ ಕೂದಲು ಕೀಳೋ ಚಟ ಹೇಗೆ ಬಿಡಿಸಿದ್ರಿ?"

ಮಂಡ್ಯದಲ್ಲಿ ನನ್ನ ಪರಿಚಯದ ಮುಕ್ಕಾಲು ಪಾಲು ಜನ ಇದನ್ನು ಕೇಳಿದ್ದಾರೆ. ತರಕಾರಿ ಅಂಗಡಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಕಾಲೇಜಿನ ಗೇಟಿನ ಮುಂದೆ. ಕೆಲವರ ಮನೆಯಲ್ಲೂ ಅಂಥ ಮಗು ಇರುತ್ತದೆ. ಅವರ ಮುಖ ನೋಡಿದರೇ ಗೊತ್ತಾಗುತ್ತದೆ. ಅವರಿಗಾಗಿ ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತೇನೆ. ಉಳಿದವರಿಗೆ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಮಗಳು ಓದಿ ಒಪ್ಪಿದ್ದಾಳೆ. ಹೆಸರು ಬೇಡ ಅಂದಳು, ಹಾಕಿಲ್ಲ.

ಕೇಳುವವರಲ್ಲಿ ಅರ್ಧ ಜನಕ್ಕೆ ಉತ್ತರ ಬೇಕಿಲ್ಲ. ಅವರ ಹತ್ತಿರವೇ ಇರುತ್ತದೆ. "ಎರಡು ಬಾರಿಸಿದ್ರೆ ನಿಲ್ತದೆ ಕಣವ್ವ." "ಬೆರಳಿಗೆ ಬೇವಿನೆಣ್ಣೆ ಹಚ್ಚಿ." "ಮಾದಪ್ಪನಿಗೆ ಮುಡಿ ಕೊಡಿಸಿಬಿಡಿ, ಕೀಳಕ್ಕೆ ಕೂದಲೇ ಇರಲ್ಲ." ಮಾದಪ್ಪನಿಗೆ ನಾವೂ ನಡೆದುಕೊಳ್ಳುವವರೇ, ಬೆಟ್ಟಕ್ಕೆ ಹೋಗಿಬರುವವರೇ. ಆದರೆ ತಲೆ ಬೋಳಿಸಿದರೆ ಕೈ ಹುಬ್ಬಿಗೆ ಹೋಗಬಹುದು, ರೆಪ್ಪೆಗೆ ಹೋಗಬಹುದು. ಹಾಗೆ ಹುಬ್ಬು, ರೆಪ್ಪೆ ಕೀಳುವವರು ಬೇಕಾದಷ್ಟು ಜನ ಇದ್ದಾರೆ.

ಮದ್ದೂರಿನ ಹತ್ತಿರ ಒಂದು ಬೀಗರೂಟಕ್ಕೆ ಹೋಗಿದ್ದೆವು. ಪಂಕ್ತಿಯಲ್ಲಿ ಮುದ್ದೆ ಬಡಿಸಿ ಆಗಿತ್ತು, ಸಾರು ಬರುತ್ತಿತ್ತು. ಎದುರಿಗೆ ಕೂತಿದ್ದ ದೂರದ ಸಂಬಂಧಿಯೊಬ್ಬರು ಎದ್ದು ಬಂದು ಮಗಳ ತಲೆಯ ಮೇಲಿನ ದುಪಟ್ಟಾ ಸರಿಸಿದರು. ನೆತ್ತಿಯ ಪಕ್ಕದಲ್ಲಿ ಕೂದಲು ಹೋಗಿದ್ದ ಜಾಗವನ್ನು ಬೆರಳಿಟ್ಟು ನೋಡಿದರು. "ಯಾಕವ್ವ ಹಿಂಗ್ ಮಾಡ್ಕಂಡಿದ್ದೀಯ? ನಾಳೆ ಯಾವ ಗಂಡು ಒಪ್ತಾನೆ?" ಇಡೀ ಸಾಲು ತಿರುಗಿ ನೋಡಿತು. ನನ್ನ ಬಾಯಿಗೆ ಏನೇನೋ ಬಂತು. ಅಷ್ಟರಲ್ಲಿ ಮಗಳೇ ಮಾತಾಡಿದಳು. "ಅತ್ತೆ, ನೀವು ಹಾಗಂದ ತಕ್ಷಣ ನನ್ನ ಎಡಗೈ ಮೇಲಕ್ಕೆ ಹೋಯ್ತು. ನೋಡಿದ್ರಾ? ಈಗ ನೋಡಿ, ಮುಷ್ಟಿ ಕಟ್ಟಿದ್ದೀನಿ. ಒಂದು ನಿಮಿಷ ಹೀಗೇ ಇರ್ತೀನಿ. ನೀವು ಊಟ ಮಾಡಿ."

ಹೇಳಿದ್ದು ಅಷ್ಟೇ. ದುಪಟ್ಟಾ ಸರಿ ಮಾಡಿಕೊಂಡು, ಬಲಗೈಯಲ್ಲಿ ಮುದ್ದೆ ಮುರಿದಳು. ನನಗೆ ಆವತ್ತು ಆದ ಹೆಮ್ಮೆ ಅವಳ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನವೂ ಆಗಿರಲಿಲ್ಲ.

ಆ ಹೆಂಗಸಿಗೆ ಅದು ಎದುರುತ್ತರದ ಹಾಗೆ ಕೇಳಿಸಿತು. ನಿಜದಲ್ಲಿ ಅದು ಮಗಳು ಕಲಿತ ಪಾಠ. ಈ ತೊಂದರೆಗೆ ಟ್ರೈಕೋಟಿಲೋಮೇನಿಯಾ ಅಂತಾರೆ. 1889ರಲ್ಲೇ ಫ್ರಾನ್ಸಿನ ಚರ್ಮದ ಡಾಕ್ಟರ್ ಹ್ಯಾಲೊಪೊ ಇದಕ್ಕೆ ಹೆಸರಿಟ್ಟಿದ್ದರು. ಮೊಬೈಲ್‌ನಿಂದ ಬಂತು, ಈಗಿನ ಮಕ್ಕಳ ಕೊಬ್ಬು ಅನ್ನುವವರು ಆ ಇಸವಿ ಗಮನಿಸಬೇಕು. ಹೆಚ್ಚಾಗಿ ಹತ್ತರಿಂದ ಹದಿಮೂರರ ವಯಸ್ಸಿನ ಸುತ್ತಮುತ್ತ ಶುರುವಾಗುತ್ತದೆ. ಕೀಳುವ ಮುಂಚೆ ಒಳಗೆ ಒಂಥರಾ ಬಿಗಿತ. ಕಿತ್ತ ಮೇಲೆ ಸ್ವಲ್ಪ ಹಗುರ. ಆಮೇಲೆ ನಾಚಿಕೆ. ಬೈದರೆ ನಾಚಿಕೆ ಜಾಸ್ತಿಯಾಗುತ್ತದೆ, ಅದರಿಂದ ಬಿಗಿತವೂ ಜಾಸ್ತಿಯಾಗುತ್ತದೆ, ಕೈ ಮತ್ತೆ ಮೇಲೆ ಹೋಗುತ್ತದೆ. ಬಾರಿಸಿ ಅನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ನನ್ನಲ್ಲಿಲ್ಲ.

ಜನ ನನ್ನನ್ನು ಬೇರೊಂದು ಪ್ರಶ್ನೆ ಕೇಳಬೇಕಿತ್ತು. "ಅವಳ ಕೈ ಯಾವಾಗ ಮೇಲೆ ಹೋಗುತ್ತೆ?" ಇದನ್ನು ಮೊದಲು ಕೇಳಿದವರು ಸೈಕಾಲಜಿಸ್ಟ್. ಅದೂ ನನ್ನನ್ನಲ್ಲ, ಅವಳನ್ನು. ಅವಳಿಗೆ ಗೊತ್ತಿರಲಿಲ್ಲ. ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡು ಬರೆಯುತ್ತಾ ಹೋದಳು. ಎಲ್ಲಿದ್ದೆ, ಏನು ಮಾಡುತ್ತಿದ್ದೆ, ಯಾವ ಕೈ, ಮನಸ್ಸು ಹೇಗಿತ್ತು. ಅದರಲ್ಲಿ ಎರಡು ಬಗೆ ಕಾಣಿಸಿತು. ಫಿಸಿಕ್ಸ್ ಓದುವಾಗ, ಮೊಣಕೈ ಮೇಜಿನ ಮೇಲಿಟ್ಟರೆ ಸಾಕು, ಎಡಗೈ ತಾನಾಗಿ ಹೋಗುತ್ತದೆ, ಅವಳಿಗೆ ಗೊತ್ತೇ ಆಗುವುದಿಲ್ಲ. ಇನ್ನೊಂದು, ಬಚ್ಚಲುಮನೆಯ ಕನ್ನಡಿ ಮುಂದೆ. ಯಾರಾದರೂ ಏನಾದರೂ ಅಂದ ದಿನ, ಬೇಕೆಂದೇ, ಒಂದೊಂದೇ ಕೂದಲು ಹುಡುಕಿ ಕೀಳುವುದು. ಹೆಚ್ಚಿನವರಲ್ಲಿ ಈ ಎರಡೂ ಸೇರಿಕೊಂಡೇ ಇರುತ್ತವಂತೆ. ಎರಡಕ್ಕೂ ಉಪಾಯ ಬೇರೆ.

ಓದುವಾಗಿನದಕ್ಕೆ ಅಡ್ಡಿ ಹಾಕಿದೆವು. ಹೆಬ್ಬೆರಳು, ತೋರುಬೆರಳಿಗೆ ಬ್ಯಾಂಡ್‌ಏಡ್. ಕೂದಲಿಗೆ ಸ್ಕಾರ್ಫ್. ಮೊಣಕೈ ಊರದ ಹಾಗೆ ಕೂರುವುದು. ಎಡಗೈಗೆ ಒಂದು ಹಿಡಿ ಹುಣಸೆ ಬೀಜ. ಆ ಬೆರಳುಗಳಿಗೆ ಏನಾದರೂ ನಯವಾದದ್ದು ಬೇಕು, ಅವನ್ನು ಸುಮ್ನೆ ಖಾಲಿ ಬಿಟ್ಟರೆ ಆಗುವುದಿಲ್ಲ. ಸಂಜೆ ಅಜ್ಜಿ ಜೊತೆ ಕೂತು ಕಾಕಡ ಹೂ ಕಟ್ಟುತ್ತಾಳೆ. ಎರಡೂ ಕೈಗೆ ಕೆಲಸ, ಬೆರಳ ತುದಿಗೆ ಕೆಲಸ. ಯಾರೂ ಹೇಳಿಕೊಟ್ಟದ್ದಲ್ಲ, ಅವಳೇ ಕಂಡುಕೊಂಡದ್ದು. ಸೈಕಾಲಜಿಸ್ಟ್ ಕೇಳಿ ಖುಷಿಪಟ್ಟರು.

ಬಿಗಿತ ಬಂದಾಗಿನದಕ್ಕೆ ಆ ಮುಷ್ಟಿ. ಕೀಳಬೇಕು ಅನಿಸಿದ ಕ್ಷಣ ಮುಷ್ಟಿ ಬಿಗಿದು, ಕೈ ಪಕ್ಕಕ್ಕಿಟ್ಟು, ನಿಧಾನ ಉಸಿರಾಡುತ್ತಾ ಒಂದು ನಿಮಿಷವೋ, ಆಸೆ ಇಳಿಯುವವರೆಗೋ ಇರುವುದು. ಇಳಿಯುತ್ತದೆ. ಅದು ಇಳಿಯುತ್ತದೆ ಅನ್ನುವುದನ್ನು ಮಗು ತಾನೇ ಕಂಡುಕೊಳ್ಳಬೇಕು. 1973ರಲ್ಲಿ ಏಜ್ರಿನ್ ಮತ್ತು ನನ್ ಎಂಬ ಅಮೆರಿಕದ ಇಬ್ಬರು ಸೈಕಾಲಜಿಸ್ಟ್‌ಗಳು ಈ ಕ್ರಮ ಬರೆದರು. ಉಗುರು ಕಚ್ಚುವುದಕ್ಕೂ ಇದೇ ಬಳಸುತ್ತಾರೆ. ಪದೇಪದೇ ಕೈ ತೊಳೆಯುವ, ಬೀಗ ನೋಡಿಬರುವ ಮಕ್ಕಳ ವಿಷಯ ಸ್ವಲ್ಪ ಬೇರೆ. ಅಲ್ಲಿ ಹಿಂದೆ ಭಯವಿರುತ್ತದೆ. ತೊಳೆಯದೇ ಆ ಭಯವನ್ನು ಸ್ವಲ್ಪ ಸ್ವಲ್ಪವೇ ಎದುರಿಸುವುದನ್ನು ಹೇಳಿಕೊಡುತ್ತಾರೆ.

ನನ್ನ ಪಾಲಿನ ಕೆಲಸ ಚಿಕ್ಕದು. "ಕೈ ತೆಗಿ, ಕೈ ತೆಗಿ" ಅಂತ ಕೂಗುವುದಿಲ್ಲ. ಕೈ ಮೇಲೆ ಹೋದದ್ದು ಕಂಡರೆ "ಟೀ ಬೇಕಾ?" ಅನ್ನುತ್ತೇನೆ. ನಮ್ಮಿಬ್ಬರ ಗುಟ್ಟು ಅದು, ಅವಳೇ ಆರಿಸಿದ ಮಾತು. ಒಮ್ಮೊಮ್ಮೆ ನಿಜವಾಗಿಯೂ ಟೀ ಮಾಡಲು ಕೇಳಿದರೂ ಮುಷ್ಟಿ ಕಟ್ಟುತ್ತಾಳೆ. ಆಗ ಇಬ್ಬರೂ ನಗುತ್ತೇವೆ. ಇದನ್ನು ಬರೆದ ಮೇಲೆ ಹೊಸ ಮಾತು ಹುಡುಕಬೇಕು.

ಮಾತ್ರೆ ಇಲ್ವಾ ಅಂತಲೂ ಕೇಳುತ್ತೀರಿ. ಇದಕ್ಕೇ ಅಂತ ಗಟ್ಟಿಯಾಗಿ ನಿಂತ ಮಾತ್ರೆ ಇಲ್ಲ. ಎನ್-ಅಸಿಟೈಲ್‌ಸಿಸ್ಟೀನ್ ಅನ್ನುವ ಔಷಧಿ 2009ರ ಒಂದು ಪರೀಕ್ಷೆಯಲ್ಲಿ ದೊಡ್ಡವರಿಗೆ ಉಪಯೋಗವಾಯಿತು. 2013ರಲ್ಲಿ ಮಕ್ಕಳಿಗೆ ಕೊಟ್ಟು ನೋಡಿದಾಗ ಸುಮ್ಮನೆ ಕೊಡುವ ಸಕ್ಕರೆ ಮಾತ್ರೆಗಿಂತ ಹೆಚ್ಚೇನೂ ಆಗಲಿಲ್ಲ. ಮೆಡಿಕಲ್ ಸ್ಟೋರಿನಲ್ಲಿ ನೀವೇ ಕೇಳಿ ತರಬೇಡಿ. ಜೊತೆಗೆ ಆತಂಕ, ಖಿನ್ನತೆ ಇದ್ದರೆ ಅದಕ್ಕೆ ಔಷಧಿ ಕೊಡುವುದು ಡಾಕ್ಟರಿಗೆ ಬಿಟ್ಟದ್ದು.

ಮೊದಲು ಚರ್ಮದ ಡಾಕ್ಟರಿಗೆ ತೋರಿಸಿ. ಹುಳುಕಡ್ಡಿಯಿಂದಲೂ ಕೂದಲು ಉದುರುತ್ತದೆ. ತಾನಾಗಿ ಉದುರಿ ನುಣ್ಣಗಾಗುವ ಕಾಯಿಲೆಯೂ ಇದೆ. ಕಿತ್ತ ಜಾಗದಲ್ಲಿ ಸಾಮಾನ್ಯವಾಗಿ ಉದ್ದ ಗಿಡ್ಡ ತುಂಡು ಕೂದಲು ಉಳಿದಿರುತ್ತವೆ. ಕಿತ್ತ ಕೂದಲನ್ನು ಮಗು ಬಾಯಿಗೆ ಹಾಕಿಕೊಳ್ಳುತ್ತಾ ಅಂತ ಬೈಯದೆ ಕೇಳಿ. ನುಂಗುತ್ತಿದ್ದರೆ, ಹೊಟ್ಟೆನೋವು, ವಾಂತಿ ಇದ್ದರೆ ತಡ ಮಾಡಬೇಡಿ. ನುಂಗಿದ ಕೂದಲು ಹೊಟ್ಟೆಯಲ್ಲಿ ಗಂಟು ಕಟ್ಟಿ ಆಪರೇಷನ್ ಆಗಬೇಕಾಗಬಹುದು. ಮಂಡ್ಯದ ಮಿಮ್ಸ್‌ನಲ್ಲಿ, ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ. ಹೋಗಲು ಧೈರ್ಯ ಸಾಲದಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, 2022ರಲ್ಲಿ ಶುರುವಾದ ಸರ್ಕಾರದ ಸೇವೆ. ದುಡ್ಡಿಲ್ಲ, ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಈಗ ಪೂರ್ತಿ ನಿಂತಿದೆಯಾ? ಇಲ್ಲ. ಪರೀಕ್ಷೆ ಹತ್ತಿರ ಬಂದಾಗ ತಿರುಗಿ ಶುರುವಾಗಿತ್ತು. ನೋಟ್‌ಬುಕ್ ಮತ್ತೆ ತೆಗೆದಳು, ಬ್ಯಾಂಡ್‌ಏಡ್ ಮತ್ತೆ ಬಂತು, ಕಡಿಮೆಯಾಯಿತು. ಹೀಗೆ ಹೋಗಿ ಬರುತ್ತದೆ ಅಂತ ಮೊದಲೇ ಹೇಳಿದ್ದರು, ಹಾಗಾಗಿ ಮನೆಯಲ್ಲಿ ಯಾರೂ ಅತ್ತು ಕರೆಯಲಿಲ್ಲ.

ನಮ್ಮ ಮನೆಗೆ ಬರುವವರು ದಯವಿಟ್ಟು ಅವಳ ತಲೆ ನೋಡಬೇಡಿ. "ಕೂದಲು ಬಂತಲ್ಲವ್ವ" ಅಂತ ಹೊಗಳಲೂ ಬೇಡಿ, ಹೊಗಳಿದರೂ ಎಲ್ಲರ ಕಣ್ಣು ಅಲ್ಲೇ ಇದೆ ಅಂತ ಅವಳಿಗೆ ಗೊತ್ತಾಗುತ್ತದೆ. ಕೇರಂ ಚೆನ್ನಾಗಿ ಆಡುತ್ತಾಳೆ. ಬನ್ನಿ, ಒಂದು ಆಟ ಆಡಿ. ಸೋತು ಹೋಗುತ್ತೀರಿ.