ಬೈ-ಟು ಕಾಫಿ

18 ನವೆಂಬರ್ 2025, ಮಂಗಳವಾರ, ರಾತ್ರಿ

ಪರಿಷೆಗೆ ಹೋಗಿ ಬಂದೆವು. ದೊಡ್ಡ ಬಸವಣ್ಣನಿಗೆ ದೂರದಿಂದಲೇ ಕೈ ಮುಗಿದದ್ದಾಯ್ತು. ಎರಡು ಸೇರು ಕಡಲೆಕಾಯಿ, ಮೇಲೊಂದು ಹಿಡಿ ಕೊಸರು.

ಆದರೆ ತಲೆಯಲ್ಲಿ ಕೂತಿರುವುದು ವಿಶಾಲಕ್ಕನ ಕಾಫಿ. ಬೈ-ಟು ತೆಗೆದುಕೊಂಡಿದ್ದೆವು. ಅವಳು ಲೋಟವನ್ನು ತುಟಿಗೆ ತಾಗಿಸಿ ಕೆಳಗಿಟ್ಟಳು. ಕಾಫಿ ವಾಸನೆಗೇ ನಿದ್ದೆಯಿಂದ ಏಳುವ ಹೆಂಗಸು!

"ಯಾಕೆ, ಡಿಕಾಕ್ಷನ್ ಸರಿಯಿಲ್ವಾ?"

"ಚೆನ್ನಾಗಿದೆ ಕಣೆ. ಈ ಟ್ರಾಫಿಕ್ಕಲ್ಲಿ ಮನೆ ಸೇರೋಕೆ ಒಂದು ಗಂಟೆ ಬೇಕು. ನಡುವೆ ಅವಸರ ಆದ್ರೆ ಎಲ್ಲಿಗೆ ಓಡಲಿ?"

ಆಮೇಲೆ ಒಂದೊಂದೇ ಹೊರಗೆ ಬಂತು. ಯಾವ ದರ್ಶಿನಿಯಲ್ಲಿ ಟಾಯ್ಲೆಟ್ ಇದೆ, ಯಾವುದರ ಬೀಗದ ಕೈ ಗಲ್ಲಾದಲ್ಲಿ ಕೇಳಬೇಕು, ಯಾವ ಪೆಟ್ರೋಲ್ ಬಂಕಿನದು ಪರವಾಗಿಲ್ಲ, ಅರ್ಧ ಬೆಂಗಳೂರಿನ ಲೆಕ್ಕ ಅವಳ ಬಾಯಲ್ಲೇ ಇದೆ. ಮೂತ್ರದ ಅವಸರ ದಾರಿಯುದ್ದಕ್ಕೂ ಸುಮ್ಮನಿರುತ್ತದಂತೆ. ಮನೆ ಬಾಗಿಲಿಗೆ ಬಂದು ಕೀ ತಿರುಗಿಸುವಷ್ಟರಲ್ಲಿ ಒಂದು ಕ್ಷಣವೂ ತಡೆಯಲು ಆಗುವುದಿಲ್ಲವಂತೆ. ಮೈಸೂರಿನ ಮದುವೆಗೆ ವ್ಯಾನಿನಲ್ಲಿ ಬರಲಿಲ್ಲವಲ್ಲ, ಅದಕ್ಕೂ ಇದೇ ಕಾರಣ. ಮಂಡಿ ನೋವು ಅಂದಿದ್ದಳು.

"ಮಂಡಿ ನೋವು ಮರ್ಯಾದಸ್ಥರ ಕಾಯಿಲೆ. ಯಾರೂ ಮುಂದಕ್ಕೆ ಕೇಳಲ್ಲ" ಅಂದಳು. ನಗು ಬಂತು. ನಗುವ ಮೊದಲು ನಾನು ಕಾಲ ಮೇಲೆ ಕಾಲು ಬಿಗಿದುಕೊಂಡೆ. ಎರಡನೇ ಹೆರಿಗೆಯಾದಾಗಿನಿಂದ ಇದೇ ಅಭ್ಯಾಸ. ಇಲ್ಲದಿದ್ದರೆ ಸೋರುತ್ತದೆ. ಸೀನಿದರೂ ಅಷ್ಟೇ, ಕೆಮ್ಮಿದರೂ ಅಷ್ಟೇ. ಅವಳಿಗೆ ಹೇಳಿದೆನಾ? ಇಲ್ಲ. ಅವಳು ಬಿಟ್ಟ ಅರ್ಧ ಕಾಫಿಯನ್ನೂ ಕುಡಿದು ಎದ್ದು ಬಂದೆ.

ಸಂಜೆ ಮಗಳಿಗೆ ಫೋನಿನಲ್ಲಿ ಹೇಳಿದೆ. ಫಿಸಿಯೋ ಆಗಿರುವುದರಿಂದ ಅವಳಿಗೆ ಇದು ದಿನದ ಕೆಲಸ. 2009ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ವಿಷಯ ಹೇಳಿದಳು. ಅಮೆರಿಕ, ಬ್ರಿಟನ್, ಸ್ವೀಡನ್‌ಗಳಲ್ಲಿ 40 ದಾಟಿದ 30,000 ಜನರನ್ನು ಕೇಳಿದ್ದರಂತೆ. ಅವಸರ, ಸೋರುವುದು, ರಾತ್ರಿ ಏಳುವುದು, ಧಾರೆ ಸಣ್ಣಗಾಗುವುದು, ಇಂಥದ್ದರಲ್ಲಿ ಒಂದಾದರೂ ಆಗಾಗ ಇದೆ ಅಂದವರು ಗಂಡಸರಲ್ಲಿ ಶೇ. 72, ಹೆಂಗಸರಲ್ಲಿ ಶೇ. 76. ಹೆಚ್ಚುಕಮ್ಮಿ ಮುಕ್ಕಾಲು ಪಾಲು! ಪದೇಪದೇ ಕಾಡುತ್ತದೆ ಅಂದವರೇ ಹತ್ತಿರಹತ್ತಿರ ಅರ್ಧ. ನಮ್ಮ ಊರಿನ ಲೆಕ್ಕ ಅಲ್ಲ, ನಿಜ. ಆದರೂ ಆ ಮದುವೆ ವ್ಯಾನಿನಲ್ಲಿ ಕೂತಿದ್ದ ಒಬ್ಬೊಬ್ಬರ ಮುಖವನ್ನೂ ನೆನಪಿಸಿಕೊಂಡೆ. ಚನ್ನಪಟ್ಟಣದಲ್ಲಿ ನಿಲ್ಲಿಸಿ ಅಂತ ಚಿಕ್ಕಪ್ಪ ಕೂಗಿದ್ದು ಟೀ ಕುಡಿಯೋಕಾ?

"ನೀರು ಕಮ್ಮಿ ಮಾಡ್ಬೇಡಿ ಅಮ್ಮಾ, ಮೂತ್ರ ಗಟ್ಟಿಯಾದ್ರೆ ಅವಸರ ಇನ್ನೂ ಜಾಸ್ತಿ ಆಗುತ್ತೆ" ಅಂದಳು. ಮೂತ್ರದಲ್ಲಿ ರಕ್ತ ಕಂಡರೆ ಮಾತ್ರ ಒಂದು ದಿನವೂ ಕಾಯದೆ ಡಾಕ್ಟರ ಹತ್ತಿರ ಹೋಗಬೇಕಂತೆ. ನನ್ನಂಥವರಿಗೆ ಒಂದು ವ್ಯಾಯಾಮ ಇದೆ. ಮೂತ್ರ ತಡೆಯುವ ಸ್ನಾಯುವನ್ನು ಬಿಗಿ ಹಿಡಿದು ಬಿಡುವುದು, ಮೂರು ತಿಂಗಳಾದರೂ ಬಿಡದೆ. ಕೆಗೆಲ್ ಅನ್ನುವ ಅಮೆರಿಕದ ಡಾಕ್ಟರು ಇದನ್ನು 1948ರಲ್ಲೇ ಬರೆದಿದ್ದರಂತೆ. ಎರಡು ಬಾಣಂತನದಲ್ಲಿ ಖಾರ, ಅಂಟಿನುಂಡೆ, ಹೊಟ್ಟೆಗೆ ಬಟ್ಟೆ ಕಟ್ಟುವುದು ಎಲ್ಲ ಹೇಳಿಕೊಟ್ಟರು. ಇದೊಂದನ್ನು ಒಬ್ಬರಾದರೂ ಹೇಳಿದ್ದರೆ! ಸಿಟ್ಟು ಬರುತ್ತದೆ.

ಇನ್ನು ನಮ್ಮವರು. ರಾತ್ರಿ ಒಂದಕ್ಕೆ, ಮೂರಕ್ಕೆ, ನಾಲ್ಕೂವರೆಗೆ ಬಾತ್‌ರೂಮಿನ ದೀಪ ಹತ್ತುತ್ತದೆ. ಕೇಳಿದರೆ "ನೀರು ಜಾಸ್ತಿ ಕುಡಿದೆ" ಅನ್ನುತ್ತಾರೆ. ನಾನು ಪ್ರಾಸ್ಟೇಟ್ (ಗಂಡಸರ ಮೂತ್ರಚೀಲದ ಕೆಳಗಿನ ಗ್ರಂಥಿ) ತೊಂದರೆ ಅಂದುಕೊಂಡಿದ್ದೆ. ಅದೊಂದೇ ಇರಲಿಕ್ಕಿಲ್ಲ, ಶುಗರ್ ಕೂಡ ನೋಡಿಸು ಅಂದಳು ಮಗಳು. ಆಮೇಲೆ, "ಸಂಜೆ ಅಪ್ಪನ ಕಾಲು ಊದಿರುತ್ತಾ?" ಅಂತ ಕೇಳಿದಳು. ಹಗಲೆಲ್ಲ ಕಾಲಿಗೆ ಇಳಿದ ನೀರು ಮಲಗಿದ ಮೇಲೆ ರಕ್ತಕ್ಕೆ ವಾಪಸು ಬಂದು ರಾತ್ರಿಯೇ ಹೊರಗೆ ಹೋಗುತ್ತದಂತೆ. ಈಗಷ್ಟೇ ನೋಡಿದೆ. ಕಾಲುಚೀಲದ ಎಲಾಸ್ಟಿಕ್ ಇದ್ದ ಕಡೆ ಸುತ್ತಲೂ ಕೊರೆದ ಹಾಗೆ ಗುರುತು. ಬೆರಳಲ್ಲಿ ಒತ್ತಿದರೆ ಗುಳಿ. ಇಷ್ಟು ವರ್ಷ ಆ ಕಾಲುಚೀಲ ಒಗೆದವಳು ನಾನೇ.

ಎಷ್ಟು ಹೊತ್ತಿಗೆ ಎಷ್ಟು ಕುಡಿದರು, ಎಷ್ಟು ಸಲ ಎದ್ದರು, ಎಷ್ಟು ಹೋಯಿತು, ಮೂರು ದಿನ ಬರೆದಿಟ್ಟು ಡಾಕ್ಟರಿಗೆ ತೋರಿಸಬೇಕಂತೆ. ಹಾಲಿನ ಲೆಕ್ಕ ಪೈಸೆ ಬಿಡದೆ ಬರೆಯುವ ಮನುಷ್ಯ. ಇದನ್ನು ಬರೆಯುತ್ತಾರಾ?

ನಾಳೆ ವಿಶಾಲಕ್ಕನಿಗೆ ಫೋನ್ ಮಾಡಬೇಕು. ನನ್ನ ಸೀನಿನ ವಿಷಯವನ್ನು ಮೊದಲು ಹೇಳಿ ಆಮೇಲೆ...

ದೀಪ ಹತ್ತಿತು. 11.40. ನಾನೇ ಬರೆದುಕೊಳ್ಳಲಾ, ಇಲ್ಲ ಬಂದ ಮೇಲೆ ಅವರನ್ನೇ