ಕೌದಿಯ ಮೇಲೆ 14416

ಖಿನ್ನತೆಯ ಬಗ್ಗೆ ಭಾಷಣ ಇಟ್ಟರೆ ಹಿಂದಿನ ಸಾಲಿನ ಕುರ್ಚಿಗಳು ಮೊದಲು ಖಾಲಿಯಾಗುತ್ತವೆ. ಕೌದಿ ಹಾಸಿ ಕೈಗೆ ಸೂಜಿ ಕೊಟ್ಟು ನೋಡಿ. ಹೊಲಿಯುವಾಗ ಮುಖ ನೋಡಿ ಮಾತಾಡಬೇಕಿಲ್ಲ, ಅರ್ಧ ಸಂಕೋಚ ಅಲ್ಲೇ ಹೋಗುತ್ತದೆ.

5 ಅಡಿಗೆ 6 ಅಡಿ ಕೌದಿಗೆ ಒಂದಡಿಯ 30 ಚೌಕ ಬೇಕು. ಹೊಲಿಗೆಗೆ ಸುತ್ತ ಅರ್ಧ ಇಂಚು ಬಿಟ್ಟು 13 ಇಂಚಿಗೆ ಕತ್ತರಿಸಿ. ಹಳೆಯ ಹತ್ತಿ ಸೀರೆಯೇ ಇರಲಿ. ಹೊಸ ಬಟ್ಟೆ ಬೆರೆತರೆ ಮೊದಲ ಒಗೆತಕ್ಕೆ ಅದೊಂದೇ ಕುಗ್ಗಿ ಅಕ್ಕಪಕ್ಕದ್ದನ್ನೂ ಎಳೆಯುತ್ತದೆ. ಮೂರು ಪದರ ಸಾಕು. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರು ಅಂಚಿನಿಂದ ನಡುವಿಗೆ ಹೊಲಿಯುತ್ತಾರೆ. ಹೊಸಬರು ಹಾಗೆ ಮಾಡಿದರೆ ನಡುವೆ ಬಟ್ಟೆ ಉಬ್ಬುತ್ತದೆ. ಅವರು ನಡುವಿನಿಂದ ಹೊರಕ್ಕೆ ಬರಲಿ.

ಚೌಕದ ಮೇಲೆ ‘ಧೈರ್ಯವಾಗಿರಿ’ ಬೇಡ. ಲಕ್ಷಣ ಬರೆಯಿಸಿ: ‘ನಿದ್ದೆ ಇಲ್ಲ’, ‘ಊಟ ಸೇರದು’, ‘ಯಾವುದರಲ್ಲೂ ಮನಸ್ಸಿಲ್ಲ’. ಒಂದು ಚೌಕದಲ್ಲಿ ‘ಎರಡು ವಾರ’ ಇರಲೇಬೇಕು. ಇವು ಅಷ್ಟು ದಿನ ಬಿಡದೆ ಕಾಡಿದರೆ ವೈದ್ಯರಿಗೆ ತೋರಿಸಬೇಕು. ಅಕ್ಷರ ಎರಡು ಇಂಚಿಗಿಂತ ಚಿಕ್ಕದಾದರೆ ಒತ್ತಕ್ಷರ ದಾರದ ಗಂಟಿನಂತೆ ಕಾಣುತ್ತದೆ. ‘ಖಿನ್ನತೆ’ ಪದವೇ ಮೊದಲು ಕೆಡುವುದು!

ನಡುವಿನ ಎರಡು ಚೌಕಕ್ಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416. ಉಚಿತ, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡಬಹುದು. ಯಾರನ್ನೂ ‘ನಿಮ್ಮ ಕಥೆ ಹೇಳಿ’ ಎಂದು ಒತ್ತಾಯಿಸಬೇಡಿ. ಸಾಯುವ ಮಾತು ಬಂದರೆ ಮಾತ್ರ ಹೊಲಿಗೆ ಬದಿಗಿಟ್ಟು, ಅವರನ್ನು ಒಂಟಿಯಾಗಿ ಬಿಡದೆ, ಜೊತೆಗೇ ಕೂತು ಕರೆ ಮಾಡಿ.